ಪಕ್ಕದ ಮನೆಯ ಗಿಟಾರು

ಪಕ್ಕದ ಮನೆಯ ಅಜ್ಜನ ಎಡಗೈ ಬೆರಳುಗಳ ತುದಿ ಎಷ್ಟು ಜಡ್ಡುಗಟ್ಟಿತ್ತೆಂದರೆ, ಚಹಾದ ಬಟ್ಟಲು ಹಿಡಿದಾಗ ಟಕ್ಕೆಂದು ಸದ್ದಾಗುತ್ತಿತ್ತು. ಬಡಗಿಯಿರಬೇಕು ಎಂದುಕೊಂಡಿದ್ದೆ. ಯೋಕೋಹಾಮಾದ ನಮ್ಮ ಅಪಾರ್ಟ್‌ಮೆಂಟಿನ ಗೋಡೆಗಳೋ ಹಪ್ಪಳ. ಪಕ್ಕದವರು ಸೀನಿದರೂ ಕೇಳಿಸುತ್ತಿತ್ತು. ಆದರೂ ಈ ಓಜೀಸಾನ್, ಅಂದರೆ ಅಜ್ಜ, ಗಿಟಾರ್ ನುಡಿಸುತ್ತಾರೆಂದು ನಮಗೆ ಬಹಳ ಕಾಲ ಗೊತ್ತೇ ಆಗಲಿಲ್ಲ. ಅಕ್ಕಪಕ್ಕದವರಿಗೆ ತೊಂದರೆಯಾದೀತೆಂದು ಗಿಟಾರಿನ ಹೊಟ್ಟೆಗೆ ಟವೆಲ್ ತುರುಕಿ ನುಡಿಸುತ್ತಿದ್ದರಂತೆ ಮಹಾರಾಯರು!

ಆಗ ವೈಟುಕೆ ಗಲಾಟೆ; ಇಸವಿ ಎರಡು ಸಾವಿರ ಆದೊಡನೆ ಕಂಪ್ಯೂಟರುಗಳೆಲ್ಲ ಕೆಟ್ಟುಹೋಗುತ್ತವೆಂಬ ಭಯ. ಕಂಪ್ಯೂಟರ್ ಕೆಲಸದಲ್ಲಿದ್ದ ನನ್ನ ಗಂಡ ಮನೆಗೆ ಬರುತ್ತಿದ್ದದ್ದು ಸ್ನಾನಕ್ಕೆ ಮಾತ್ರ. ನಾನು ನನ್ನ ಹರಕುಮುರುಕು ಜಪಾನಿ ಭಾಷೆ ಹಿಡಿದುಕೊಂಡು ಪಕ್ಕದ ಮನೆಯ ಅಜ್ಜ ಅಜ್ಜಿಯ ಜೊತೆ ಹರಟುತ್ತಿದ್ದೆ. ಓಜೀಸಾನ್ ಹರೆಯದಲ್ಲಿ ಬಂದರಿನ ಬಾರುಗಳಲ್ಲಿ ಅಮೆರಿಕದ ನಾವಿಕರಿಂದ ಬ್ಲೂಸ್ ಸಂಗೀತ ಕಲಿತವರು. ಆಯುಸ್ಸಿಡೀ ನುಡಿಸಿದರು, ಯಾರೂ ಕ್ಯಾರೇ ಅನ್ನಲಿಲ್ಲ. ಊಟದ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ದುಡಿದು ಸಂಸಾರ ತೂಗಿಸಿದವರು ಅಜ್ಜಿ.

ಕೊನೆಗೂ ರೆಕಾರ್ಡ್ ಕಂಪನಿಯ ಹುಡುಗನೊಬ್ಬ ಅವರನ್ನು ಹುಡುಕಿಕೊಂಡು ಬಂದ. ಅಜ್ಜಿಗೆ ಶ್ವಾಸಕೋಶದ ಕಾಯಿಲೆ, ಬಿಟ್ಟು ಹೋಗುವ ಹಾಗಿರಲಿಲ್ಲ. ಹಾಗಾಗಿ ಮನೆಯಲ್ಲೇ ರೆಕಾರ್ಡಿಂಗ್. ಹಿಂದಿನ ದಿನ ಓಜೀಸಾನ್ ಪ್ರತಿ ಮನೆಗೂ ಸಿಹಿಯ ಪೊಟ್ಟಣ ಕೊಟ್ಟು, "ಸುಮಿಮಾಸೆನ್, ನಾಳೆ ಸ್ವಲ್ಪ ಸದ್ದಾಗುತ್ತದೆ" ಎಂದು ಬಗ್ಗಿ ಕ್ಷಮೆ ಕೇಳಿದರು. ಮರುದಿನ ಟವೆಲ್ ತೆಗೆದು ನುಡಿಸಿದರು. ದೇವರನಾಮ ಬಿಟ್ಟರೆ ಬೇರೇನೂ ತಿಳಿಯದ ನಾನು ಗೋಡೆಗೆ ಒರಗಿ ನಿಂತು ಅತ್ತುಬಿಟ್ಟೆ.

ಸೀಡಿ ವರ್ಷದ ಕೊನೆಗೆ ಬರಬೇಕಿತ್ತು. ಕಂಪನಿಯವರು ಕಂಪ್ಯೂಟರ್ ಗಂಡಾಂತರ ಕಳೆಯಲಿ ಎಂದು ಮುಂದೂಡಿದರು. ಅಷ್ಟರಲ್ಲಿ ಅಜ್ಜಿ ಆಸ್ಪತ್ರೆ ಸೇರಿದರು. ನಾನು ನೋಡಲು ಹೋದಾಗಲೆಲ್ಲ ಅವರದು ಒಂದೇ ಪ್ರಶ್ನೆ: "ಸೀಡಿ ಬಂತಾ?"

"ಒಂದು ಫೋನ್ ಮಾಡಿ ಓಜೀಸಾನ್. ಅಜ್ಜಿಗೆ ಅಂತ ಒಂದೇ ಒಂದು ಕಾಪಿ ಮೊದ್ಲೇ ಕೇಳಿ," ಎಂದೆ.

"ಅವರಿಗೂ ಕೆಲಸವಿರುತ್ತದೆ. ತೊಂದರೆ ಕೊಡಬಾರದು."

"ಹೋಗ್ಲಿ, ಆಸ್ಪತ್ರೇಲೇ ನುಡಿಸಿ."

"ಬೇರೆ ರೋಗಿಗಳಿದ್ದಾರಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. "ಅಯ್ಯೋ, ಆಗ್ಲಿ ಬಿಡಿ ತೊಂದ್ರೆ! ನಂಬರ್ ಕೊಡಿ, ನಾನೇ ಮಾಡ್ತೀನಿ!"

ಸ್ನಾನಕ್ಕೆಂದು ಬಂದಿದ್ದ ಗಂಡ ನನ್ನ ದನಿ ಕೇಳಿ ಬಂದು ತೋಳು ಜಗ್ಗಿದ. "ಸುಮ್ನಿರೇ, ಇಲ್ಲಿ ಹಂಗೆಲ್ಲ ಮಾತಾಡಲ್ಲ."

ಓಜೀಸಾನ್ ನಂಬರ್ ಕೊಡಲಿಲ್ಲ. ಹೊಸ ವರ್ಷ ಬಂತು, ಕಂಪ್ಯೂಟರುಗಳಿಗೆ ಏನೂ ಆಗಲಿಲ್ಲ. ಅಜ್ಜಿ ಹೋಗಿಬಿಟ್ಟರು. ಸೀಡಿ ಬಂದದ್ದು ಏಪ್ರಿಲ್‌ನಲ್ಲಿ.

ಆಮೇಲೆ ನೋಡಿ, ಬಂತು ಕೀರ್ತಿ! ಪತ್ರಿಕೆಗಳಲ್ಲಿ ಫೋಟೋ, ಬಾಗಿಲಲ್ಲಿ ಕಾಲೇಜು ಹುಡುಗರು. ಓಜೀಸಾನ್ ಎಲ್ಲರಿಗೂ ಬಗ್ಗಿ ನಮಸ್ಕರಿಸುತ್ತಿದ್ದರು. ಒಳಗೆ ಬಂದು ಅಜ್ಜಿಯ ಫೋಟೋದ ಮುಂದೆ ಕೂತರೆ ಏಳುತ್ತಲೇ ಇರಲಿಲ್ಲ. ನಾನು ಮಾಡಿಕೊಟ್ಟ ಉಪ್ಪಿಟ್ಟು ತಟ್ಟೆಯಲ್ಲೇ ಆರುತ್ತಿತ್ತು.

ಒಂದು ಮಧ್ಯಾಹ್ನ ನಾನು ಅವರ ಮನೆಯಲ್ಲಿದ್ದಾಗ ಕಂಪನಿಯ ಹುಡುಗ ಬಂದ. ಸೀಡಿಗಳೆಲ್ಲ ಖರ್ಚಾಗಿ ಮರುಮುದ್ರಣ ಬೇಕಿತ್ತಂತೆ. ತಲೆ ಬಗ್ಗಿಸಿ ಹೇಳಿದ: "ಕೊನೆಯ ಹಾಡಿನಲ್ಲಿ ಪಕ್ಕದ ಕೋಣೆಯಿಂದ ಯಾರೋ ಕೆಮ್ಮಿದ್ದು ಸೇರಿಬಿಟ್ಟಿದೆ. ಕ್ಷಮಿಸಿ, ನಮ್ಮ ತಪ್ಪು. ಈ ಸಲ ತೆಗೆದುಬಿಡುತ್ತೇವೆ."

"ಬೇಡ," ಎಂದರು ಓಜೀಸಾನ್.

ಹುಡುಗ ಗಾಬರಿಯಾದ. ಆ ದೇಶದಲ್ಲಿ ಅಷ್ಟು ನೇರವಾಗಿ ಯಾರೂ ಬೇಡ ಅನ್ನುವುದಿಲ್ಲ. ಅವರ ಬಾಯಲ್ಲಿ ಆ ಮಾತನ್ನು ನಾನೂ ಕೇಳಿದ್ದು ಅದೇ ಮೊದಲು.

"ಕೆಮ್ಮು ಇರಲಿ. ಬೇಕಾದರೆ ಗಿಟಾರ್ ತೆಗೆಯಿರಿ."

ನಾವು ಬೆಂಗಳೂರಿಗೆ ಮರಳಿದ ಮೇಲೆ ಓಜೀಸಾನ್ ಕೂಡ ತೀರಿಕೊಂಡರೆಂದು ಗಂಡನ ಹಳೆಯ ಸಹೋದ್ಯೋಗಿಯ ಇಮೇಲ್ ಬಂತು. ಅವರು ಕೊಟ್ಟ ಸೀಡಿ ನನ್ನ ಹತ್ತಿರ ಇದೆ. ಕೊನೆಯ ಹಾಡಿನಲ್ಲಿ ಅಜ್ಜಿ ಕೆಮ್ಮುತ್ತಾರೆ. ಗಿಟಾರ್ ಮೆಲ್ಲಗಾಗುತ್ತದೆ, ಕೆಮ್ಮು ನಿಲ್ಲುವವರೆಗೂ ಕಾಯುತ್ತದೆ.