ಇಲ್ಲದ ಸಂಕದ ಉದ್ಘಾಟನೆ

ಪ್ರೇಮಾನಂದನ ಹೊಟ್ಟೆಪಾಡು ಮೈಕ್ ಸೆಟ್ಟು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾವ ಪಕ್ಷದ ಸಭೆಯಿದ್ದರೂ ವೇದಿಕೆಯ ಹಿಂದೆ ವೈರು ಎಳೆದು ಕೂರುವವನು ಅವನೇ. ಎದುರು ಕೂತವರಿಗೆ ಭಾಷಣ ಕೇಳುತ್ತದೆ. ಹಿಂದೆ ಕೂತವನಿಗೆ ಕೇಳುವುದೇ ಬೇರೆ: ಉಸಿರೆಳೆಯುವುದು, ಗಂಟಲು ಸರಿಮಾಡುವುದು, ದೊಡ್ಡ ಸುಳ್ಳಿಗೆ ಮುಂಚೆ ಒಂದು ಗುಟುಕು ನೀರು ಕುಡಿಯುವುದು. ಹದಿನೈದು ವರ್ಷ ಇದನ್ನೇ ಕೇಳಿ ಕೇಳಿ ಅವನ ಗಂಟಲಿನೊಳಗೆ ಒಬ್ಬ ಪುಢಾರಿ ಬಂದು ಕೂತುಬಿಟ್ಟಿದ್ದ. ಕುಂದಾಪುರದ ಕೇಬಲ್ ಚಾನೆಲ್ಲಿನಲ್ಲಿ ಕ್ಯಾಮೆರಾ ಹಿಡಿಯುವ ರತೀಶ ಆ ಪುಢಾರಿಯನ್ನು ಹೊರಗೆಳೆದು ಟೀವಿಯಲ್ಲಿ ಕೂರಿಸಿದ.

ಕಾರ್ಯಕ್ರಮ ಇಷ್ಟೇ. ನಾವುಂದ ಊರಿನ ಒಳಗೆ ಒಂದು ಹೊಳೆ. ದಾಟಲು ಎರಡು ಅಡಕೆ ಮರ ಕಟ್ಟಿದ ಕಾಲುಸಂಕ, ಸೇತುವೆ ಅಂತ ಇದ್ದದ್ದು ಅಷ್ಟೇ. ಅದರ ಪಕ್ಕದಲ್ಲೇ ಗೂಟ ಹುಗಿದು, ಕೆಂಪು ಟೇಪು ಕಟ್ಟಿ, ಇಸ್ತ್ರಿ ಮಾಡಿದ ಖಾದಿ ಅಂಗಿ ತೊಟ್ಟು, ಶಾಲು ಹೊದ್ದು ಪ್ರೇಮಾನಂದ ಎಂಟು ವರ್ಷದಿಂದ ತಿಂಗಳಿಗೊಮ್ಮೆ ಇಲ್ಲದ ಸಿಮೆಂಟು ಸಂಕವನ್ನು ಉದ್ಘಾಟಿಸುತ್ತಿದ್ದ.

"ಮಹಾಜನಗಳೇ, ಎಂಟ್ ಮಳ್ಗಾಲ ಕಳೀತ್, ನಮ್ ಸಂಕದ್ ಒಂದ್ ಕಲ್ಲ್ ಅಳ್ಗಾಡ್ಲಿಲ್ಲ ಕಾಣಿ!"

ಊರೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿತ್ತು. ಗಂಗೊಳ್ಳಿಯ ಬಂದರಿನಲ್ಲಿ ಐಸ್ ಒಡೆಯುವವರೂ ಅವನನ್ನು ಕಂಡರೆ "ಹ್ವಾಯ್ ಮಂತ್ರಿಗ್ಳೇ" ಎಂದು ಕೂಗುತ್ತಿದ್ದರು. ಅವನಿಗೂ ಅದು ಸಿಹಿಯಾಗಿತ್ತು, ಸುಳ್ಳು ಯಾಕೆ?

ಆದರೆ ಉದ್ಘಾಟಿಸಿ ಉದ್ಘಾಟಿಸಿ ಅವನಿಗೆ ಆ ಸಂಕ ಕಾಣತೊಡಗಿತ್ತು. ಕತ್ತರಿ ಟೇಪಿಗೆ ತಾಗಿದ ಕೂಡಲೇ ನೀರಿನ ಮೇಲೆ ಅದು ಮೆಲ್ಲಗೆ ಬಂದು ನಿಲ್ಲುತ್ತಿತ್ತು. ಬೆಳ್ಳಗೆ, ಹಸಿ ಸಿಮೆಂಟಿನ ವಾಸನೆಯೊಂದಿಗೆ, ಅಂಗೈಗೆ ತಣ್ಣಗೆ ತಾಗುವ ಕಂಬಿಗಳೊಂದಿಗೆ. ಮಧ್ಯಾಹ್ನ ಮೈಕಿನ ಗಾಡಿಯಲ್ಲಿ ತೂಕಡಿಸಿದರೂ ಅದರದೇ ಕನಸು. ನಡೆಯುತ್ತಾನೆ, ನಡೆಯುತ್ತಾನೆ, ಆಚೆ ದಡ ಮಾತ್ರ ಅಲ್ಲೇ ಇರುತ್ತದೆ. ದಡದಲ್ಲಿ ನಾಗಕ್ಕ ನಿಂತು ಕೈಬೀಸುತ್ತಿರುತ್ತಾಳೆ.

ನಾಗಕ್ಕ ಕನಸಿನವಳಲ್ಲ. ಆಚೆ ದಡದ ಮೊದಲ ಮನೆಯವಳು. ಶೂಟಿಂಗ್ ಮುಗಿದ ಮೇಲೆ ಪ್ರತಿ ಸಲ ಅಂಗಳದಿಂದ ಗಂಟಲು ಹರಿಯುವಂತೆ ಕರೆಯುತ್ತಿದ್ದಳು: "ಹ್ವಾಯ್, ಬೆಲ್ಲ ನೀರ್ ಕುಡ್ಕಂಡ್ ಹೋಯ್ನಿ!" ಇವನು ಕೈ ಮುಗಿದು ತಿರುಗುತ್ತಿದ್ದ. ಎಂಟು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ಆ ಎರಡು ಅಡಕೆ ಮರದ ಮೇಲೆ ಕಾಲಿಡಲು ಮಂತ್ರಿಗಳಿಗೆ ಜೀವಭಯ. ಇದನ್ನು ಅವನು ರತೀಶನಿಗೂ ಹೇಳಿದವನಲ್ಲ.

ಒಂದು ಬೇಸಿಗೆಯಲ್ಲಿ ನಾಗಕ್ಕನೇ ದಾಟಿ ಬಂದು ಮಡಚಿದ ಕಾಗದವೊಂದನ್ನು ಕೊಟ್ಟಳು. ಆಚೆ ದಡದ ಹನ್ನೊಂದು ಮನೆಯವರ ಸಹಿಯಿದ್ದ ಸಂಕದ ಅರ್ಜಿ.

"ಬರೀ ಬಾಯಗ್ ಕೇಂಡ್ರ್ ಆತಿಲ್ಲ ಮರ್ರೆ. ನಿಮ್ಗ್ ದೊಡ್ಡೋರ್ ಗುರ್ತ ಇತ್ತ್. ಇದನ್ ಕೊಡಿ," ಎಂದಳು.

ಬಾಯಿಮಾತಿನಲ್ಲಿ ತಾನು ಯಾವಾಗ ಕೇಳಿದ್ದೆ? ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಅವನು ನಕ್ಕ. ಅರ್ಜಿ ಖಾದಿ ಅಂಗಿಯ ಜೇಬಿಗೆ ಹೋಯಿತು, ಅಲ್ಲೇ ಉಳಿಯಿತು. ಮರೆತದ್ದಲ್ಲ. ಸಂಕ ಬಂದರೆ ಕಾರ್ಯಕ್ರಮ ಹೋಗುತ್ತದೆ, ಆಮೇಲೆ ತಾನು ಬರೀ ವೈರು ಎಳೆಯುವವನು. ಮನಸ್ಸು ಇಷ್ಟು ಸಣ್ಣದಾಗಬಹುದು ಎಂದು ಅವನೇ ಎಣಿಸಿರಲಿಲ್ಲ.

ಮಳೆಗಾಲದ ಒಂದು ಬೆಳಿಗ್ಗೆ ಟೇಪು ಕಟ್ಟುತ್ತಿದ್ದಾಗ ಅವನು ನಾಗಕ್ಕನನ್ನು ನೋಡಿದ. ಹೊಳೆ ಕೆಂಪಗೆ ಏರಿತ್ತು. ಅವಳು ಅಡಕೆ ಮರದ ಮೇಲೆ ಕುಕ್ಕರಿಸಿ, ರೇಷನ್ನಿನ ಚೀಲವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಕೈ ಊರಿ ಇಂಚಿಂಚಾಗಿ ಸರಿಯುತ್ತಿದ್ದಳು. ಆಚೆ ದಡ ತಲುಪಿ, ಸೀರೆ ಹಿಂಡಿ, ತಿರುಗಿ ನಿಂತು ಇವನಿಗೆ ಕೈಬೀಸಿದಳು. ಆ ತಿಂಗಳ ಕಂತು ಆಗಲಿಲ್ಲ. ಅವನ ಬಾಯಿಂದ ಪುಢಾರಿ ಹೊರಡಲೇ ಇಲ್ಲ.

ಮುಂದಿನ ವಾರ ಬೈಂದೂರಿನಲ್ಲಿ ದೊಡ್ಡ ಸಭೆ. ಅಧಿಕಾರದಲ್ಲಿದ್ದ ಮುಖಂಡರಿಗೆ ಇವನ ಹಾಸ್ಯವೆಂದರೆ ಪ್ರಾಣ. ತಮ್ಮನ್ನೇ ಆಡಿಕೊಳ್ಳುತ್ತಾನೆಂದು ಗೊತ್ತಿದ್ದೂ ಎಲ್ಲರಿಗಿಂತ ಜೋರಾಗಿ ನಗುವವರು ಅವರೇ. ವೈರಿನ ಹಿಂದಿದ್ದವನನ್ನು ಕರೆದು ಮೈಕ್ ಕೊಟ್ಟರು.

ಪ್ರೇಮಾನಂದ ಅಂದು ಜೊತೆಗೇ ತಂದಿದ್ದ ನಾಗಕ್ಕನ ಅರ್ಜಿಯನ್ನು ತೆಗೆದು ತನ್ನದೇ ದನಿಯಲ್ಲಿ ಓದಿದ. ಮೊದಲ ಸಾಲಿಗೇ ಸಭೆ ಗೊಳ್ಳೆಂದಿತು. "ಮಳ್ಗಾಲ್ದಗ್ ನಾವ್ ಕೂಕಂಡ್ ದಾಟುದ್" ಎಂದಾಗ ಶಿಳ್ಳೆ ಬಿತ್ತು. ಹನ್ನೊಂದು ಹೆಸರಿಗೆ ಹನ್ನೊಂದು ಸಲ ಚಪ್ಪಾಳೆ. "ಇದು ತಮಾಷೆಯಲ್ಲ" ಎಂದ. ಅದಕ್ಕೆ ಇನ್ನೂ ನಕ್ಕರು. ಮುಖಂಡರು ಕಣ್ಣೊರೆಸಿಕೊಳ್ಳುತ್ತ ಆಟಕ್ಕೆ ಆಟವೆಂಬಂತೆ ವೇದಿಕೆಯಲ್ಲೇ ಸಹಿ ಜಡಿದು, ಪಕ್ಕದ ಅಧಿಕಾರಿಯ ಕೈಗಿಟ್ಟರು. ಪ್ರೇಮಾನಂದನಿಗೆ ಅಳು ಬಂತು. ಸಭೆಗೆ ಅದೂ ನಟನೆಯಾಯಿತು.

ನಗುತ್ತ ಹಾಕಿದ್ದರೂ ಸಹಿ ಸಹಿಯೇ. ಕಾಗದ ಮೇಜಿನಿಂದ ಮೇಜಿಗೆ ದಾಟಿ, ಮುಂದಿನ ಬೇಸಿಗೆಗೆ ಸಂಕವಾಗಿ ಎದ್ದು ನಿಂತಿತು. ಕಾರ್ಯಕ್ರಮ ನಿಂತಿತು.

ಒಂದು ಸಂಜೆ ಅವನು ಒಬ್ಬನೇ ಬಂದ. ಶಾಲಿಲ್ಲ, ಕ್ಯಾಮೆರಾ ಇಲ್ಲ. ಸಂಕ ಬೆಳ್ಳಗೆ ಇತ್ತು, ಕಂಬಿ ಅಂಗೈಗೆ ತಣ್ಣಗೆ ತಾಗಿತು. ನಡುವೆ ಬಂದಾಗ, ಇನ್ನು ಆಚೆ ದಡ ಸಿಗಲಿಕ್ಕಿಲ್ಲ ಎಂದು ಒಂದು ಗಳಿಗೆ ಎದೆ ಅಳುಕಿತು. ಸಿಕ್ಕಿತು. ನಾಗಕ್ಕ ಬೆಲ್ಲದ ತುಂಡು, ಚೆಂಬು ನೀರು ತಂದು ಜಗಲಿಯಲ್ಲಿಟ್ಟಳು.

"ಅಲ್ಲ ಮರ್ರೆ, ನಮ್ ಬದಿಗ್ ಕೇಬಲ್ ಇಲ್ಲ. ಹೊಳಿ ಶಬ್ದಕ್ಕೆ ಎಂತದೂ ಕೇಂತಿರ್ಲಿಲ್ಲ. ಅಷ್ಟ್ ವರ್ಷ ನೀವ್ ಅಲ್ಲ್ ನಿಂತ್ಕಂಡ್ ಎಂತ ಹೇಳ್ತಿದ್ರಿ?"

ಅವನು ಎದ್ದು ನಿಂತು ಗಂಟಲು ಸರಿಮಾಡಿಕೊಂಡು ಹೇಳಿದ: ಎಂಟು ಮಳೆಗಾಲ, ಒಂದು ಕಲ್ಲೂ ಅಲುಗಾಡಲಿಲ್ಲ. ಅವಳು ಇನ್ನೂ ಏನೋ ಇದೆಯೆಂದು ಕಾದಳು.

"ಕಲ್ಲೇ ಇರ್ಲಿಲ್ಲ ಅಲ್ದಾ," ಎಂದಳು ಕೊನೆಗೆ. "ನಾ ಎಣ್ಸಿದ್ದೆ, ನೀವ್ ಅಷ್ಟ್ ವರ್ಷ ನಮ್ಗ್ ಸಂಕ ಕೊಡಿ ಅಂತ ಕೇಂತಿದ್ರಿ ಅಂದೇಳಿ."

ಪ್ರೇಮಾನಂದ ಕೂತ. ಬೆಲ್ಲ ಬಾಯಿಗೆ ಹಾಕಿಕೊಂಡು, ತಲೆ ತಗ್ಗಿಸಿ ನೀರು ಕುಡಿದ.