ಎದೆಯ ಮೇಲಿನ ಪ್ಯಾಸೆಂಜರ್

ಎದುರುಮನೆಯ ನಿವೃತ್ತ ಬಸ್ ಡ್ರೈವರ್ ತಾತ ತಿಂಗಳ ಮೊಮ್ಮಗಳನ್ನು ಬೇಬಿ ಕ್ಯಾರಿಯರ್‌ನಲ್ಲಿ ಎದೆಗೆ ಕಟ್ಟಿಕೊಂಡು ಹೊರಟರೆಂದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಬಾಗಿಲಲ್ಲೇ ನಿಂತು ಬಕಲ್ ಜಗ್ಗಿ ನೋಡುತ್ತಾರೆ, ಮಗುವಿನ ಗಲ್ಲದ ಕೆಳಗೆ ಎರಡು ಬೆರಳು ತೂರಿಸಿ ಉಸಿರಿಗೆ ಜಾಗವಿದೆಯೇ ಎಂದು ಪರೀಕ್ಷಿಸುತ್ತಾರೆ, ತಲೆ ಬಗ್ಗಿಸಿ ನೆತ್ತಿಗೆ ಮುತ್ತಿಡುತ್ತಾರೆ. ತುಟಿಗೆ ನೆತ್ತಿ ಸಿಗದಿದ್ದರೆ ಮಗು ಕೆಳಗೆ ಜಾರಿದೆ ಎಂದರ್ಥ, ಪಟ್ಟಿ ಮತ್ತೆ ಬಿಗಿಯಾಗುತ್ತದೆ. ತಿರುವು ಬಂದರೆ ಕೈ ಚಾಚಿ ಸಿಗ್ನಲ್ ಕೊಡುತ್ತಾರೆ. ಯಾರಾದರೂ ಹತ್ತಿರ ಬಂದರೆ, "ಸ್ವಲ್ಪ ದೂರ ನಿಲ್ರೀ, ಪ್ಯಾಸೆಂಜರ್ ಮಲಗಿದಾರೆ!" ಎಂದು ಗದರುತ್ತಾರೆ. ಮೊನ್ನೆ ಹಾಲಿನಂಗಡಿಯ ಸಾಲಿನಲ್ಲಿ ಮಗುವಿಲ್ಲದೆ ಒಬ್ಬರೇ ನಿಂತು, ಖಾಲಿ ಎದೆ ತಟ್ಟಿಕೊಳ್ಳುತ್ತ ಮೆಲ್ಲಗೆ ತೂಗಾಡುತ್ತಿದ್ದರು. ನಾನು ನಕ್ಕುಬಿಟ್ಟೆ. ಅವರೂ ನಕ್ಕರು. "ನನ್ನ ಮಗ ಇಷ್ಟಿದ್ದಾಗ ಬರೀ ಡ್ಯೂಟಿ, ಡ್ಯೂಟಿ ಅಂತ ಒಂದಿನಾನೂ ಎತ್ಕೊಳ್ಳಲಿಲ್ಲ ಕಣಪ್ಪ. ಅದಕ್ಕೇ ಈಗ ಅವನ ಟ್ರಿಪ್ಪೂ ಸೇರಿಸಿ ಹೊಡೀತಿದೀನಿ."