ಪೆಟ್ಟಿಗೆಗೆ ಬಿದ್ದ ಗಂಧದ ನೀರು

ರೀ, ನಿಮ್ಮ ಪೆಟ್ಟಿಗೆ ನಿಂತದ್ದು ನಿಮ್ಮ ತಪ್ಪಿನಿಂದಲ್ಲ. ನಿಲ್ಲಿಸಿದವಳು ನಾನು.

ಎಂಬತ್ತರ ದಶಕದ ಕೊನೆ. ಪೆರಿಯನಾಯಕನಪಾಳ್ಯದ ಮಿಲ್ಲಿಗೆಂದು ಮನೆಯಲ್ಲೇ ಆ ಪೆಟ್ಟಿಗೆ ಕಟ್ಟುತ್ತಿದ್ದಿರಿ — ಒಂದು ಕಂಪ್ಯೂಟರಿನ ಸಂದೇಶ ಯಾವ ದಾರಿ ಹಿಡಿಯಬೇಕೆಂದು ನೋಡಿ ದಾಟಿಸುವ ಯಂತ್ರ. ರೌಟರ್ ಎಂಬ ಹೆಸರು ನಮ್ಮ ಬೀದಿಗೆ ಆಮೇಲೆ ಬಂತು. ಸಂದೇಶ ಪೂರ್ತಿ ಬರಲೆಂದು ಕಾಯಬಾರದು, ವಿಳಾಸ ಕಂಡ ಕೂಡಲೇ ಮುಂದಕ್ಕೆ ತಳ್ಳಬೇಕು, ನಾಳೆ ಇನ್ನಷ್ಟು ಮಿಲ್ಲುಗಳು ಸೇರಿದರೂ ತಾಳಿಕೊಳ್ಳಬೇಕು — ಊಟಕ್ಕೆ ಕೂತರೂ ಇದೇ ಮಾತು. ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಹೇಳುವಾಗಿನ ನಿಮ್ಮ ಮುಖ ನೋಡಲು ಕೇಳುತ್ತಿದ್ದೆ.

ಆಯುಧಪೂಜೆ ಬಂತು. ಮಗ್ಗ, ಸ್ಕೂಟರು, ಅರಿವಾಳು ಕತ್ತಿ ಎಲ್ಲಕ್ಕೂ ಪೂಜೆ. ಪೆಟ್ಟಿಗೆಗೆ ಮಾತ್ರ ಬೇಡವೆಂದಿರಿ. ಪರೀಕ್ಷೆಗೆಂದು ಅದು ವಾರವಿಡೀ ನಿಲ್ಲದೆ ಓಡಬೇಕಿತ್ತು. ನನ್ನ ಮನಸ್ಸು ಕೇಳಲಿಲ್ಲ. ಕತ್ತಿಗೂ ಕುಂಕುಮ ಇಟ್ಟು, ನಿಮ್ಮ ಜೀವದಂಥದ್ದಕ್ಕೆ ಇಡದಿದ್ದರೆ ಹೇಗೆ? ನೀವು ಪ್ರಸಾದದ ಪೊರಿ-ಕಡಲೆ ತರಲು ಹೋದಾಗ ಗಂಧ ಹಚ್ಚಿ, ಹೂವಿನಿಂದ ನೀರು ಚಿಮುಕಿಸಿದೆ. ಮೇಲಿನ ಗಾಳಿಯ ಕಿಂಡಿಗಳು ಕಣ್ಣಿಗೆ ಬೀಳಲಿಲ್ಲ. ನೀರು ಒಳಗಿಳಿದು ಪೆಟ್ಟಿಗೆಯ ದೀಪಗಳು ಮಿನುಗಿ ಆರಿದವು. ನೀರು, ಗಂಧ ಎರಡನ್ನೂ ಸೆರಗಿನಿಂದ ಒರೆಸಿಬಿಟ್ಟೆ.

ನೀವು ಬಂದು ನೋಡಿ ಮೆಲ್ಲಗೆ ಕೇಳಿದಿರಿ. "ಯಾರಾದ್ರೂ ಮುಟ್ಟಿದ್ರಾ, ಕಮಲಾ?"

"ಇಲ್ಲ" ಎಂದೆ.

ಒಣಗಿದ ಮೇಲೆ ಅದು ತಾನಾಗಿ ಓಡಿತು. ಅದೇ ಅನ್ಯಾಯವಾಯಿತು. ಎಷ್ಟು ಬಿಚ್ಚಿದರೂ ದೋಷ ಸಿಗದೆ, ನಿಮ್ಮ ಯೋಚನೆಯೇ ಸರಿಯಿಲ್ಲವೆಂದುಕೊಂಡಿರಿ. ವೇಗದ ದಾರಿಯನ್ನು ತೆಗೆದುಹಾಕಿ, ಸಂದೇಶವನ್ನು ಪೂರ್ತಿ ಹಿಡಿದಿಟ್ಟು ಕಳಿಸುವ ನಿಧಾನದ ಪೆಟ್ಟಿಗೆ ಮಾಡಿಕೊಟ್ಟಿರಿ. ಮಿಲ್ಲಿನವರಿಗೆ ಅಷ್ಟು ಸಾಕಿತ್ತು. ಸಮಾಧಾನ ಹೇಳಲು ಬಂದ ನನಗೇ "ವಿಡು, ಬಿಟ್ಬಿಡು ಕಮಲಾ, ನನ್ ಬುದ್ಧಿ ಅಷ್ಟೇ" ಎಂದು ನಕ್ಕಿರಿ. ಆಗಲಾದರೂ ಹೇಳಬಹುದಿತ್ತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವರು ನೀವು.

ಮೊನ್ನೆ ಮೊಮ್ಮಗಳು ತನ್ನ ಕಾಲೇಜಿನ ಪಾಠ ಓದುತ್ತಾ, ವಿಳಾಸ ಕಂಡೊಡನೆ ದಾಟಿಸುವ ಪದ್ಧತಿಯೂ ಇದೆಯೆಂದಳು. ನೀವು ಕಾಫಿ ಲೋಟ ಕೆಳಗಿಟ್ಟಿರಿ. "ನಾನೂ ಮಾಡಿ ನೋಡ್ದೆ ಕಣ್ಣು ಮಗಳೇ, ಕೆಲಸಕ್ಕೆ ಬರ್ಲಿಲ್ಲ."

ಬರುತ್ತಿತ್ತೋ ಏನೋ ರೀ. ಅದನ್ನು ತಿಳಿಯುವ ಅವಕಾಶವನ್ನೇ ನಾನು ಕಿತ್ತುಕೊಂಡೆ.

ತಮಿಳು ಶಾಲೆಯಲ್ಲಿ ಓದಿದ ನಿಮಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಚಾಮರಾಜನಗರದಿಂದ ಸೊಸೆಯಾಗಿ ಬಂದ ನನ್ನ ಬರಹವನ್ನು ಈ ಮನೆಯಲ್ಲಿ ಯಾರೂ ಓದಲಾರರು. ಅದಕ್ಕೇ ಇಷ್ಟು ಧೈರ್ಯವಾಗಿ ಬರೆದೆ — ಹೇಡಿ ನಾನು. ಆದರೆ ಸಂಜೆ ನೀವು ಜಗಲಿಯ ತಿಣ್ಣೆಗೆ ಬಂದು ಕೂತಾಗ, ಮೊಮ್ಮಗಳನ್ನೂ ಪಕ್ಕಕ್ಕೆ ಕರೆದು, ಇದನ್ನು ಗಟ್ಟಿಯಾಗಿ ಓದುತ್ತೇನೆ. "ಇಲ್ಲ" ಎಂದ ಸಾಲನ್ನೂ ಬಿಡದೆ.